ಐ ವಿಶ್ ಐ ನೋ ಅಂದ್ರ ಯಾಕ ತಪ್ಪ್ರೀ? ವಿಶ್, ಇಫ್, ಪುಟ್-ಪುಟ್-ಪುಟ್ ಎಲ್ಲಾ ಕೂಡಿ ತಲಿ ಕೆಡಸ್ಯಾವ

ಆಳಂದರೋಡ್_ಸಿಸ್ಟರ್

ಎಲ್ಲರಿಗೂ ನಮಸ್ಕಾರ್ರಿ. ನಾ ಕಲಬುರಗಿದಾಗ ಒಂದು ದವಾಖಾನ್ಯಾಗ ಸ್ಟಾಫ್ ನರ್ಸ್ ಅದೀನಿ. ಹತ್ತನೇತ್ತ ತನಾ ಕನ್ನಡ ಮೀಡಿಯಂ, ಆಮ್ಯಾಲ ಜಿಎನ್‌ಎಂ. ಡಾಕ್ಟರ್ ಹೇಳಿದ್ದು ತಿಳೀತದ, ಕೇಸ್ ಶೀಟ್ ಬರೀತೀನಿ, ಔಷಧದ ಹೆಸರು ಒಂದೂ ತಪ್ಪಂಗಿಲ್ಲ, ಆದ್ರ ಬಾಯಿ ಬಿಟ್ಟು ನಾಕ್ ಮಾತು ಇಂಗ್ಲಿಷ್‌ನಾಗ ಹೇಳು ಅಂದ್ರ ಗಂಟಲ ಕಟ್ತದ.

ಹೋದ ವಾರ ಹೊರದೇಶದ ಕೆಲಸಕ್ಕ ಫೋನ್ ಮ್ಯಾಲ ಇಂಟರ್‌ವ್ಯೂ ಇತ್ತು. ಯಾವ ಏಜೆನ್ಸಿ ಅಂತ ಕೇಳಬ್ಯಾಡ್ರಿ. ಡ್ಯೂಟಿದಾಗ ಆದ ಒಂದು ತಪ್ಪು ಹೇಳ್ರಿ, ಈಗ ಅದರ ಬಗ್ಗೆ ಏನ್ ಅನಸ್ತದ ಅಂತ ಕೇಳಿದ್ರು. ಖರೇ ಆಗಿದ್ದೇ ಹೇಳಿದೆ. ನೈಟ್ ಡ್ಯೂಟಿದಾಗ ಒಬ್ಬ ಮುದುಕ ಮಂಚದ ಮ್ಯಾಲಿಂದ ಬಿದ್ದಿದ್ದ, ದೇವ್ರ ದಯಾ ಏನೂ ಆಗಿರ್ಲಿಲ್ಲ. ನಾ ಹೇಳಿದ್ದು ಹಿಂಗ, ನಗಬ್ಯಾಡ್ರಿ:

ಪೇಶಂಟ್ ಫೆಲ್ಟ್ ಫ್ರಮ್ ದ ಬೆಡ್. ಐ ವಿಶ್ ಐ ವಿಲ್ ಪುಟ್ಟೆಡ್ ದ ಸೈಡ್ ರೇಲ್. ಇಫ್ ಐ ವುಡ್ ಹ್ಯಾವ್ ಸೀ ಹಿಮ್, ಹಿ ಡಿಡಂಟ್ ಫೆಲ್.

ಆಕಡಿಂದ ಆ ಮ್ಯಾಡಮ್ ಜರಾ ಹೊತ್ತು ಸುಮ್ಕ ಆದ್ಳು, ಆಮ್ಯಾಲ ಓಕೆ ಸಿಸ್ಟರ್, ನಾವೇ ಫೋನ್ ಮಾಡ್ತೀವಿ ಅಂದ್ಳು. ಮಾಡ್ಲಿಲ್ಲ. ಮುದುಕ ಬಿದ್ದ ದಿನಾನೂ ನನಗ ಇಷ್ಟು ನಾಚಿಕಿ ಆಗಿರ್ಲಿಲ್ಲ ನೋಡ್ರಿ.

ಮನಿಗಿ ಬಂದು ಗ್ರಾಮರ್ ಬುಕ್ ತಗದೆ. ಅದ್ರಾಗ ಐ ವಿಶ್ ಐ ನ್ಯೂ ಅಂತ ಅದ, ಅಂದ್ರ ಈಗ ಗೊತ್ತಿದ್ರ ಛಲೋ ಇತ್ತು ಅಂತ. ಈಗಿನ ಮಾತಿಗಿ ಪಾಸ್ಟ್ ಟೆನ್ಸ್ ಯಾಕ್ರೀ? ಮುಂದ ಇಫ್ ಐ ವರ್ ಯು ಅಂತ ಅದ. ಐ ವಾಸ್ ಅಲ್ಲೇನು ಅದು? ಮತ್ತ ಹಿಂದಿನ ಪಾನದಾಗ ವಿ1 ವಿ2 ವಿ3 ಅಂತ ಕ್ರಿಯಾಪದದ ಮೂರು ರೂಪದ ದೊಡ್ಡ ಪಟ್ಟಿ. ಗೋ ವೆಂಟ್ ಗಾನ್, ಆದ್ರ ಪುಟ್ ಪುಟ್ ಪುಟ್. ಇದಕ್ಕೇನರ ಕಾಯ್ದಾ ಕಾನೂನು ಅದನೋ ಇಲ್ಲೋ, ಇಲ್ಲಾಂದ್ರ ಗಿಣಿ ಹಂಗ ಬಾಯಿಪಾಠ ಮಾಡೋದೇ ಏನು? ಮುಂದಿನ ತಿಂಗಳ ಇನ್ನೊಂದು ಕಡಿ ಇಂಟರ್‌ವ್ಯೂ ಅದ. ಯಾರರ ಸಮಾಧಾನದಿಂದ ಹೇಳ್ರಿ, ಪುಣ್ಯಾ ಬರ್ತದ.

ಸೂಪರ್‌ಮಾರ್ಕೆಟ್_ರಾಜಾ

ಅಕ್ಕಾ ಯಾಕ್ ಇಷ್ಟು ಟೆನ್ಷನ್, ನಾ ಅಂಗಡ್ಯಾಗ ಕೂತು ದಿನಾ ಹೈದರಾಬಾದ್ ಪಾರ್ಟಿ ಜೋಡಿ ಇಂಗ್ಲಿಷ್ ಹಿಂದಿ ಕನ್ನಡ ಕಲಸಿ ಹೊಡಿತೀನಿ, ಮಾಲ್ ಬರ್ತದ ರೊಕ್ಕ ಹೋಗ್ತದ. ಯೆಸ್ಟರ್‌ಡೇ ಐ ಸೆಂಡ್ ಅಂದ್ರೂ ಅವಂಗ ತಿಳೀತದ, ಐ ಸೆಂಟ್ ಅಂದ್ರೂ ತಿಳೀತದ. ಗ್ರಾಮರ್ ಗೀಮರ್ ಬಿಟ್ಟು ಧೈರ್ಯದಿಂದ ಮಾತಾಡ್ರಿ ಅಷ್ಟೇ.

ಭೀಮಾದಂಡಿ_ಮಾಸ್ತರ

ರಾಜಾ, ನಿನ್ನ ಮಾಲು ಒಂದು ದಿನ ತಡಾ ಬಂದ್ರ ಯಾರೂ ಸಾಯಂಗಿಲ್ಲಪ್ಪ. ಈಕಿ ನರ್ಸ್ ಇದ್ದಾಳ. ಗೋಳಿ ಕೊಟ್ಟೀನಿ ಅಂತ ಹೇಳಬೇಕೋ ಕೊಡ್ತೀನಿ ಅಂತ ಹೇಳಬೇಕೋ ಅನ್ನೋದ್ರಾಗ ಜೀವಾನೇ ಅದ. ಧೈರ್ಯ ಬೇಕು, ಖರೆ. ಟೆನ್ಸೂ ಬೇಕು.

ನೋಡವ್ವ ತಂಗಿ, ನಾ ಯಾದಗಿರಿ ಕಡಿ ಸರ್ಕಾರಿ ಹೈಸ್ಕೂಲ್‌ನಾಗ ಮೂವತ್ತು ವರ್ಷ ಇಂಗ್ಲಿಷ್ ಕಲಿಸೀನಿ. ಅದ್ರಾಗ ಮೊದಲಿನ ಹದಿನೈದು ವರ್ಷ ನಾನೂ ಪಟ್ಟಿ ಬಾಯಿಪಾಠ ಮಾಡ್ಸೋದೇ ಮಾಡೀನಿ, ಹುಡುಗ್ರು ಪರೀಕ್ಷಾದಾಗ ಬರೀತಿದ್ವು, ಬಾಯಾಗ ಬರ್ತಿರ್ಲಿಲ್ಲ. ಆಮ್ಯಾಲ ಒಂದಿನ ಕ್ಲಾಸಿನಾಗ ಒಬ್ಬ ಹುಡುಗ ಎದ್ದು ನಿಂತು ನೀ ಕೇಳಿದ್ದೇ ಕೇಳಿದ, ಸರ್ ಈಗಿನ ಮಾತಿಗಿ ಹಿಂದಿನ ಕಾಲ ಯಾಕ್ರೀ ಅಂತ. ಉತ್ತರ ಗೊತ್ತಿರ್ಲಿಲ್ಲ, ಕೂಡು ಅಂದೆ. ರಾತ್ರಿ ಮನಿಯಾಗ ಯಾರೋ ಅಂದ್ರು, ಮಳಿ ಬಂದ್ರ ತೊಗರಿ ಚಿಗೀತದ ಅಂತ. ಆಗ ತಲ್ಯಾಗ ದೀಪ ಹತ್ತಿದಂಗ ಆತು.

ಮಳಿ ಬಂದದೇನು? ಬಂದಿಲ್ಲ. ಇನ್ನಾ ಬರಬೇಕು. ಆದ್ರ ಮಾತು ಮಾತ್ರ ಬಂದ್ರ. ಬರು ಅನ್ನೋದಕ್ಕ ರೆ ಹಚ್ಚಿ ಬರುರೆ ಅಂತ ಯಾಕ ಆಗ್ಲಿಲ್ಲ? ನಾವು ಬಂದ ಅನ್ನೋ ಆಗಿಹೋದ ಮಾತು ಹಿಡಿದು ಅದಕ್ಕ ರೆ ಹಚ್ಚೀವಿ. ಹೋಗು, ಹೋದ, ಹೋದ್ರ. ತಿನ್ನು, ತಿಂದ, ತಿಂದ್ರ. ಕೊಡು, ಕೊಟ್ಟ, ಕೊಟ್ರ. ನಾವು ಹುಟ್ಟಿದಾಗಿಂದ ಆಗದೇ ಇರೋ ಮಾತಿಗಿ ಭೂತಕಾಲ ಹಚ್ಕೋತ ಬಂದೀವಿ, ಇಂಗ್ಲಿಷ್‌ನವ್ರು ಹಚ್ಚಿದ್ರ ಮಾತ್ರ ಬೆರಗಾಗ್ತೀವಿ!

ಆದ್ರ ಒಂದು ಫರಕ್ ಅದ, ಅಲ್ಲೇ ನಾವು ಬೀಳೋದು. ನಮ್ಮಲ್ಲಿ ಆಗೋ ಮಾತಿಗೂ ಆಗದ ಮಾತಿಗೂ ರೆ ಮೊದ್ಲ ಭೂತಕಾಲಾನೇ. ಅವ್ರು ಹಂಗಲ್ಲ. ಆಗಬಹುದಾದ ಮಾತಿದ್ರ ಸೀದಾ ಪ್ರೆಸೆಂಟ್, ಇಫ್ ಇಟ್ ರೇನ್ಸ್, ಮಳಿ ಬಂದ್ರ. ಇದು ಖರೆ ಇಲ್ಲ, ಬರೇ ಮನಸಿನಾಗಿಂದು ಅಂತ ತೋರ್ಸೋದಿದ್ರ ಆಗ ಒಂದು ಹೆಜ್ಜಿ ಹಿಂದಕ್ಕ ಸರೀತಾರ. ಅದು ಕಾಲ ಅಲ್ಲವ್ವ, ದೂರ. ಐ ವಿಶ್ ಐ ನ್ಯೂ ಅಂದ್ರ ನನಗ ಗೊತ್ತಿಲ್ಲ, ಗೊತ್ತಿರೋದು ನನ್ನಿಂದ ದೂರ ಅದ, ಅದಕ್ಕ ನೋ ಹೋಗಿ ನ್ಯೂ ಆತು. ಐ ವಿಶ್ ಐ ಹ್ಯಾಡ್ ಎ ಸ್ಕೂಟಿ ಅಂದ್ರ ಈಗ ಸ್ಕೂಟಿ ಇಲ್ಲ ಅಂತ, ಹಿಂದ ಇತ್ತು ಅಂತಲ್ಲ. ಇನ್ನ ಆಗಿಹೋದ ಮಾತಿಗಿ ಹಳಹಳಿ ಪಡೋದಿದ್ರ ಮೊದ್ಲೇ ಅದು ಹಿಂದಿನ ಕಾಲ, ಅಲ್ಲಿಂದ ಮತ್ತೊಂದು ಹೆಜ್ಜಿ ಹಿಂದಕ್ಕ: ಹ್ಯಾಡ್ ಮತ್ತ ವಿ3. ನಿನ್ನ ಮುದುಕಂದು ಇದೇ ಲೆಕ್ಕ. ಐ ವಿಶ್ ಐ ಹ್ಯಾಡ್ ಪುಟ್ ದ ಸೈಡ್ ರೇಲ್ ಅಪ್.

ಈಗ ವುಡ್ ಎಲ್ಲಿ ಬರ್ತದ ಅಂತ. ನಿನ್ನ ಮಾತು ಕನ್ನಡದಾಗ ಅಂದು ನೋಡು: ನಾ ನೋಡಿದ್ರ ಅವ ಬೀಳ್ತಿರ್ಲಿಲ್ಲ. ಇದ್ರಾಗ ಎರಡು ತುಂಡು ಅವ. ರ ಅಂತ ಮುಗಿಯೋದು ಒಂದು, ತಿತ್ತು ಇಲ್ಲಾ ತಿರ್ಲಿಲ್ಲ ಅಂತ ಮುಗಿಯೋದು ಇನ್ನೊಂದು. ವುಡ್ ಇರೋದು ತಿತ್ತು ಮನ್ಯಾಗ. ರ ಮನ್ಯಾಗ ಅದಕ್ಕ ಜಾಗಾ ಇಲ್ಲ. ಇಫ್ ಐ ಹ್ಯಾಡ್ ಸೀನ್ ಹಿಮ್, ಅದು ರ. ಹಿ ವುಡಂಟ್ ಹ್ಯಾವ್ ಫಾಲನ್, ಅದು ತಿರ್ಲಿಲ್ಲ. ಇದೊಂದು ಹಿಡದ್ರ ಅರ್ಧಾ ಇಂಟರ್‌ವ್ಯೂ ಪಾಸ್.

ಎಳ್ಳಮಾಸಿಗಿ ಊರಿಗಿ ಬಂದಿದ್ರ ಭಜ್ಜಿ ಸಜ್ಜಿರೊಟ್ಟಿ ಉಣ್ತಿದ್ದಿ ಅಂತ ನಿಮ್ಮವ್ವ ಅಂದಿರಬೇಕಲ್ಲ, ಅದನ್ನೇ ಹತ್ತು ಸಲ ಇಂಗ್ಲಿಷ್‌ಗಿ ಹಾಕು. ಇಫ್ ಯು ಹ್ಯಾಡ್ ಕಮ್, ಯು ವುಡ್ ಹ್ಯಾವ್ ಈಟನ್. ಭಜ್ಜಿಗಿ ಇಂಗ್ಲಿಷ್ ಇಲ್ಲ, ಇರೋದೂ ಬ್ಯಾಡ.

ಇನ್ನೊಂದು ಗುಂಡಿ ಅದ, ಅದನ್ನ ಯಾವ ಬುಕ್ಕೂ ಹೇಳಂಗಿಲ್ಲ ಯಾಕಂದ್ರ ಬುಕ್ ಬರದವ್ರಿಗಿ ಕನ್ನಡ ಗೊತ್ತಿಲ್ಲ. ನನ್ನ ಬಲ್ಲಿ ರೊಕ್ಕ ಇದ್ದಿದ್ರ ಕೊಡ್ತಿದ್ದೆ. ಇದು ಈಗಿನ ಮಾತೋ ಹ್ವಾದ ವರ್ಷದ್ದೋ? ಎರಡಕ್ಕೂ ನಡೀತದ. ಇಂಗ್ಲಿಷ್‌ನಾಗ ನಡ್ಯಂಗಿಲ್ಲ. ಈಗಿಂದಿದ್ರ ಇಫ್ ಐ ಹ್ಯಾಡ್ ಮನಿ, ಐ ವುಡ್ ಗಿವ್. ಹ್ವಾದ ವರ್ಷದ್ದಿದ್ರ ಇಫ್ ಐ ಹ್ಯಾಡ್ ಹ್ಯಾಡ್ ಮನಿ, ಐ ವುಡ್ ಹ್ಯಾವ್ ಗಿವನ್. ಹೌದು ಎರಡು ಸಲ ಹ್ಯಾಡ್, ತಪ್ಪಲ್ಲ ಅದು. ಹಿಂಗಾಗಿ ಬಾಯಿ ತೆರಿಯೋಕಿಂತ ಮೊದ್ಲ ಮನಸಿನಾಗ ಕೇಳ್ಕೋಬೇಕು, ಈಗೋ ಆಗೋ ಅಂತ.

ಬೀದರ್_ಕಾ_ಛೋಕ್ರಾ

ಮಾಸ್ತರ್ ಸಾಬ್ ಬಹುತ್ ಖೂಬ್. ಒಂದು ನಂದೂ ಸೇರಸ್ತೀನಿ, ಯಾಕಂದ್ರ ನಮ್ಮ ಬೀದರ್‌ನಾಗ ಕನ್ನಡ ಉರ್ದು ಎರಡೂ ಒಂದೇ ಬಾಯಾಗ ಇರ್ತಾವ, ಸಿಸ್ಟರ್‌ಗೂ ಕಲಬುರಗಿದಾಗ ವಾರ್ಡಿನ್ಯಾಗ ದಿನಾ ಕಿವಿಗಿ ಬೀಳ್ತಿರ್ತದ. ಈಗೋ ಆಗೋ ಅನ್ನೋ ಗುಂಡಿ ಕನ್ನಡದಾಗ ಅದ ಅಂದ್ರಲ್ಲ, ಉರ್ದುದಾಗ ಅದು ಸಾಫ್ ಅದ.

ಕಾಶ್ ಮೇರೆ ಪಾಸ್ ಪೈಸೆ ಹೋತೆ. ಇದು ಈಗಿಂದು, ಐ ವಿಶ್ ಐ ಹ್ಯಾಡ್ ಮನಿ.
ಕಾಶ್ ಮೈ ದೇಖಾ ಹೋತಾ. ಇದು ಆಗಿಹೋಗಿದ್ದು, ಐ ವಿಶ್ ಐ ಹ್ಯಾಡ್ ಸೀನ್.

ಲಖನೌದವ್ರು ಮೈಂ ನೇ ದೇಖಾ ಹೋತಾ ಅಂತಾರ, ನಮ್ಮ ದಖನಿದಾಗ ನೇ ಗೀ ಇಲ್ಲ, ಅದರ ಜಗಳ ನಮಗ ಬ್ಯಾಡ. ನಾ ಕಾಲೇಜಿನಾಗ ಇದ್ದಾಗ ಕಾಶ್ ಬಂದ್ರ ವಿಶ್, ಉಮ್ಮೀದ್ ಬಂದ್ರ ಹೋಪ್ ಅಂತ ಇಟ್ಕೊಂಡಿದ್ದೆ, ಇವತ್ತಿನ ತನಾ ಕೈಬಿಟ್ಟಿಲ್ಲ. ಮುಂದ ಆಗಬಹುದು ಅನ್ನೋದಕ್ಕ ಹೋಪ್ ಹಾಕ್ರಿ. ಐ ಹೋಪ್ ಐ ವಿಲ್ ಗೆಟ್ ದ ಜಾಬ್ ಅಂದ್ರ ಸರಿ. ಐ ವಿಶ್ ಐ ವಿಲ್ ಗೆಟ್ ಅಂದ್ರ ಕೆಟ್ತು. ವಿಶ್ ಮುಂದ ವಿಲ್ ಬರಂಗೇ ಇಲ್ಲ ಅಂತ ಗೋಡಿ ಮ್ಯಾಲ ಬರದು ಹಚ್ರಿ.

ಬರ್ತ್‌ಡೇ ವಿಶ್ ಬ್ಯಾರೆ. ಐ ವಿಶ್ ಯು ಎ ಹ್ಯಾಪಿ ಬರ್ತ್‌ಡೇ ಅಂತೀವಲ್ಲ, ಅಲ್ಲಿ ಕ್ರಿಯಾಪದಾನೇ ಇಲ್ಲ ಮುಂದ, ಟೆನ್ಸಿಂದು ಝಂಝಟ್ ಇಲ್ಲ. ನಮ್ಮ ಮಂದಿ ಬರ್ತ್‌ಡೇ ವಿಶ್ ಒಂದೇ ಕೇಳಿ ಕೇಳಿ ವಿಶ್ ಅಂದ್ರ ಶುಭಾಶಯ ಅಂತ ತಲ್ಯಾಗ ಕೂಡ್ಸಿಬಿಟ್ಟಾರ, ಅರ್ಧಾ ತಪ್ಪು ಅಲ್ಲಿಂದೇ.

ಮತ್ತ ನಮ್ಮ ಊರಿಂದೇ ಒಂದು: ಬೀದರ್ ಕಲಬುರಗಿ ರೈಲು 2017ರಾಗ ಚಾಲೂ ಆತು. ಮೊದ್ಲೇ ಬಂದಿದ್ರ ನಮ್ಮ ಅಬ್ಬಾ ಹುಮನಾಬಾದ್ ಮ್ಯಾಲಿಂದ ಬಸ್ಸಿನಾಗ ಮೈ ಮುರಕೋತ ಹೋಗ್ತಿರ್ಲಿಲ್ಲ. ಇಫ್ ದ ಟ್ರೇನ್ ಹ್ಯಾಡ್ ಕಮ್ ಅರ್ಲಿಯರ್, ಮೈ ಫಾದರ್ ವುಡಂಟ್ ಹ್ಯಾವ್ ಗಾನ್ ಬೈ ಬಸ್. ಕರೆಕ್ಟ್ ಅದನಾ ಮಾಸ್ತರ್ ಸಾಬ್?

ಭೀಮಾದಂಡಿ_ಮಾಸ್ತರ

ನೂರಕ್ಕ ನೂರು. ಕಮ್ ಕೇಮ್ ಕಮ್, ಮೂರನೇದು ತಿರುಗಿ ಮೊದಲಿಂದೇ ಆಗ್ತದ, ಹ್ಯಾಡ್ ಕೇಮ್ ಅಂತ ಬರೀಲಿಲ್ಲ ನೀ, ಶಾಭಾಶ್.

ಶಹಾಪುರ_ಟು_ಸಿಲ್ಕ್‌ಬೋರ್ಡ್

ಇರ್ರೆಗ್ಯುಲರ್ ವರ್ಬ್, ಅಂದ್ರ ಭೂತಕಾಲಕ್ಕ ಸೀದಾ ಇಡಿ (-ed) ಹಚ್ಚದ ಕ್ರಿಯಾಪದ, ಅದರ ಬಗ್ಗೆ ಯಾರೂ ಹೇಳ್ಲಿಲ್ಲ, ನಾ ಹೇಳ್ತೀನಿ. ನಾನೂ ಕನ್ನಡ ಮೀಡಿಯಂ, ಐದನೇತ್ತದಾಗ ಎಬಿಸಿಡಿ ಕಲ್ತವ, ಬೆಂಗಳೂರಿಗಿ ಬಂದ ಹೊಸದಾಗ ಮೀಟಿಂಗ್‌ನಾಗ ಐ ಥಿಂಕ್ಡ್ ಅಂದು ಇಡೀ ಟೀಮ್ ನಕ್ಕಿತ್ತು, ಅದ್ರಾಗ ಎಲ್ಲರಿಗಿಂತ ಜೋರಾಗಿ ನಕ್ಕವ್ನಿಗಿ ಕನ್ನಡ ಓದ್ಲಿಕ್ಕೂ ಬರ್ತಿರ್ಲಿಲ್ಲ, ಇರ್ಲಿ.

ಕಾಯ್ದಾ ಇಲ್ಲ ಅನ್ನೋದು ಅರ್ಧಾ ಸುಳ್ಳು. ಇವು ಹಳೇ ಮನಿಗಳು, ಅಷ್ಟೇ. ಇಂಗ್ಲಿಷ್‌ನಾಗ ಎಲ್ಲಕ್ಕಿಂತ ಜಾಸ್ತಿ ಬಳಸೋ ಹತ್ತು ಕ್ರಿಯಾಪದ ಹತ್ತೂ ಇರ್ರೆಗ್ಯುಲರ್. ಬಿ, ಹ್ಯಾವ್, ಡು, ಸೇ, ಗೋ, ಗೆಟ್ ಇಂಥವು. ದಿನಾ ಬಾಯಾಗ ಇರ್ತಾವಲ್ಲ, ಸವೀದೇ ಉಳದಾವ. ಅಪರೂಪಕ್ಕ ಬರೋವನ್ನ ಮಂದಿ ಮರ್ತು ಇಡಿ ಹಚ್ಚಿಬಿಡ್ತಾರ. 2007ರಾಗ ನೇಚರ್ ಪತ್ರಿಕ್ಯಾಗ ಇದರ ಲೆಕ್ಕಾ ಬಂದಿತ್ತು, ಹಳೇ ಇಂಗ್ಲಿಷ್‌ನ 177 ಇರ್ರೆಗ್ಯುಲರ್ ವರ್ಬ್ ಹಿಡಿದು ನೋಡಿದ್ರ ಅದ್ರಾಗ ಇವತ್ತಿಗೂ ಇರ್ರೆಗ್ಯುಲರ್ ಆಗೇ ಉಳದಿದ್ದು 98. ಹೆಲ್ಪ್‌ಗಿ ಒಂದು ಕಾಲಕ್ಕ ಹೋಲ್ಪ್ ಅಂತ ಇತ್ತು, ಈಗ ಹೆಲ್ಪ್ಡ್. ಹೊಸಾ ಶಬ್ದ ಏನೇ ಬಂದ್ರೂ ಇಡಿ, ಗೂಗಲ್ಡ್, ವಾಟ್ಸಾಪ್ಡ್. ನಾವೂ ಹಂಗೇ ಅಲ್ಲೇನು, ಹೊಸಾ ಮಾತು ಏನ್ ಬಂದ್ರೂ ಮಾಡು ಹಚ್ಚಿ ಡೌನ್‌ಲೋಡ್ ಮಾಡಿದೆ, ಫಾರ್ವರ್ಡ್ ಮಾಡಿದೆ ಅಂತೀವಿ. ಡೌನ್‌ಲೋಟ್ಟೆ ಅನ್ನಂಗಿಲ್ಲ.

ಮಾಸ್ತರ್ ಹೇಳಿದಂಗ ಕನ್ನಡಾನೇ ನೋಡ್ರಿ. ಮಾಡು ಮಾಡಿದ, ನೋಡು ನೋಡಿದ, ಹಾಡು ಹಾಡಿದ. ಸರಿ. ಹಂಗಾದ್ರ ಕೊಡು ಕೊಡಿದ ಆಗಬೇಕಿತ್ತು, ಕೊಟ್ಟ ಆತು. ಇಡು ಇಟ್ಟ, ಬಿಡು ಬಿಟ್ಟ, ಸುಡು ಸುಟ್ಟ, ಕೆಡು ಕೆಟ್ಟ. ಯಾರರ ಪಟ್ಟಿ ಕೊಟ್ಟು ಕಲಿಸಿದ್ರೇನು ನಿಮಗ? ಕಿವಿ ಕಲ್ತದ. ಗುಂಪು ಗುಂಪಾಗಿ ಕಲ್ತದ. ಇನ್ನೊಂದು ಗುಂಪು ನೋಡ್ರಿ, ಬೀಳು ಬಿದ್ದ, ಏಳು ಎದ್ದ, ಕೀಳು ಕಿತ್ತ, ಬೇಯು ಬೆಂದ, ಸಾಯು ಸತ್ತ. ಮೊದ್ಲ ಉದ್ದ ಸ್ವರ, ಆಗಿಹೋದ್ರ ಗಿಡ್ಡ. ಈಗ ಇಂಗ್ಲಿಷ್ ನೋಡ್ರಿ. ಬ್ಲೀಡ್ ಬ್ಲೆಡ್, ಫೀಡ್ ಫೆಡ್, ಲೀಡ್ ಲೆಡ್, ಮೀಟ್ ಮೆಟ್, ಕೀಪ್ ಕೆಪ್ಟ್, ಸ್ಲೀಪ್ ಸ್ಲೆಪ್ಟ್, ಫೀಲ್ ಫೆಲ್ಟ್. ಅದೇ ಆಟ! ಎರಡು ಭಾಷಾಕ್ಕೂ ಸಂಬಂಧ ಇಲ್ಲ, ಆದ್ರೂ ಉದ್ದಿದ್ದದ್ದು ಗಿಡ್ಡ ಆಗ್ತದ. ನನಗ ಇದು ಹೊಳದ ದಿನ ಬಸ್ಸಿನಾಗ ಒಬ್ಬನೇ ನಕ್ಕಿದ್ದೆ.

ರೀಡ್ ಅನ್ನೋದಂತೂ ಕಳ್ಳ. ಬರ್ಯೋದು ಮೂರೂ ಒಂದೇ, ಓದೋದು ರೀಡ್ ರೆಡ್ ರೆಡ್.

ಪುಟ್ ಪುಟ್ ಪುಟ್ ಗುಂಪು ಇದಕ್ಕಿಂತ ಸರಳ. ಕಟ್, ಹಿಟ್, ಹರ್ಟ್, ಲೆಟ್, ಸೆಟ್, ಶಟ್, ಕಾಸ್ಟ್, ಬರ್ಸ್ಟ್, ಸ್ಪ್ರೆಡ್, ಸ್ಪ್ಲಿಟ್. ಎಲ್ಲದರ ಕೊನಿಗೂ ಟ ಇಲ್ಲಾ ಡ ಅದ, ನೋಡಿದ್ರೇನು? ಬಾಲ ಮೊದ್ಲೇ ಅಂಟಿದಂಗ ಕೇಳಸ್ತದ, ಮತ್ತೊಂದು ಯಾಕ. ಆದ್ರ ಟ ಡ ಇದ್ದದ್ದೆಲ್ಲಾ ಹಂಗಲ್ಲ, ವಾಂಟ್ ವಾಂಟೆಡ್, ನೀಡ್ ನೀಡೆಡ್. ನಿಮ್ಮ ಪುಟ್ಟೆಡ್ ತಪ್ಪು, ಹರ್ಟೆಡ್ ತಪ್ಪು, ಕಾಸ್ಟೆಡ್ ಅಂತೂ ನಮ್ಮ ಆಫೀಸಿನಾಗ ಮ್ಯಾನೇಜರೇ ಅಂತಾನ.

ಆಟ್ ಗುಂಪು: ಬ್ರಿಂಗ್ ಬ್ರಾಟ್, ಬೈ ಬಾಟ್, ಥಿಂಕ್ ಥಾಟ್, ಫೈಟ್ ಫಾಟ್, ಟೀಚ್ ಟಾಟ್, ಕ್ಯಾಚ್ ಕಾಟ್. ಎರಡನೇದು ಮೂರನೇದು ಒಂದೇ. ಇ ಆ ಅ ಗುಂಪು: ಸಿಂಗ್ ಸ್ಯಾಂಗ್ ಸಂಗ್, ಡ್ರಿಂಕ್ ಡ್ರ್ಯಾಂಕ್ ಡ್ರಂಕ್, ಬಿಗಿನ್ ಬಿಗ್ಯಾನ್ ಬಿಗನ್, ಸ್ವಿಮ್ ರಿಂಗ್ ಕೂಡ. ಥಿಂಕ್, ಬ್ರಿಂಗ್ ಇದ್ರಾಗ ಬಂದಂಗ ಕಾಣ್ತಾವ ಆದ್ರ ಬರಂಗಿಲ್ಲ, ಅಲ್ಲಿ ಹುಷಾರ್. ಕೊನಿಗಿ ನ್ ಬರೋ ಗುಂಪು: ಬ್ರೇಕ್ ಬ್ರೋಕ್ ಬ್ರೋಕನ್, ಸ್ಪೀಕ್ ಸ್ಪೋಕ್ ಸ್ಪೋಕನ್, ಟೇಕ್ ಟುಕ್ ಟೇಕನ್, ಗಿವ್ ಗೇವ್ ಗಿವನ್, ಫಾಲ್ ಫೆಲ್ ಫಾಲನ್. ಈ ಕಡೀ ಎರಡು ಗುಂಪಿನಾಗೇ ಎರಡನೇದು ಬ್ಯಾರೆ ಮೂರನೇದು ಬ್ಯಾರೆ, ಹಿಂಗಾಗಿ ಐ ವಿಶ್ ಐ ಹ್ಯಾಡ್ ಅಂದ ಮ್ಯಾಲ ಇಲ್ಲೇ ಕಾಲು ಜಾರ್ತದ. ಹ್ಯಾಡ್ ಟುಕ್ ಅಲ್ಲ ಹ್ಯಾಡ್ ಟೇಕನ್.

ವೆಂಟ್ ಕಥಿ ಬ್ಯಾರೆನೇ ಅದ. ಗೋ ದೊಳಗಿಂದ ಬಂದಿದ್ದೇ ಅಲ್ಲ ಅದು. ವೆಂಡ್ ಅಂತ ಇನ್ನೊಂದು ಹಳೇ ಕ್ರಿಯಾಪದ, ದಾರಿ ಹಿಡದು ಹೋಗು ಅಂತ ಅರ್ಥ, ಅದರ ಭೂತಕಾಲ ವೆಂಟ್. ಸೆಂಡ್ ಸೆಂಟ್ ಇದ್ದಂಗ. ಗೋ ಗಿ ತನ್ನದೊಂದು ಹಳೇ ರೂಪ ಇತ್ತು, ಅದು ಸತ್ತು ಹೋತು, ಅದರ ಜಾಗಾದಾಗ ಬಾಜೂ ಮನಿ ವೆಂಟ್ ಬಂದು ಕೂತದ. ದತ್ತಕ ಮಗ ಅನ್ಕೋರಿ.

ಸಿಸ್ಟರ್‌ಗಿ ಖಾಸ್ ಮಾತು: ಫೀಲ್ ಫೆಲ್ಟ್ ಬ್ಯಾರೆ, ಫಾಲ್ ಫೆಲ್ ಬ್ಯಾರೆ. ಪೇಶಂಟ್ ಫೆಲ್ಟ್ ಅಂದ್ರ ಪೇಶಂಟಿಗಿ ಏನೋ ಅನಿಸ್ತು ಅಂತ. ಬಿದ್ದಿದ್ದು ಫೆಲ್. ಮತ್ತ ಡಿಡಂಟ್ ಮುಂದ ಯಾವಾಗ್ಲೂ ವಿ1, ಡಿಡಂಟ್ ಫಾಲ್. ಡಿಡ್ ಅನ್ನೋದೇ ಭೂತಕಾಲ ಹೊತ್ಕೊಂಡು ನಿಂತದ, ಎರಡು ಸಲ ಹೊರಸಬ್ಯಾಡ್ರಿ.

ಶಹಾಬಾದ್_ಫರಸಿ

ಎಲ್ಲಾ ಛಲೋ ಆದ್ರ ವರ್ ಮತ್ತ ವಾಸ್ ಬಗ್ಗೆ ಆಕಿ ಕೇಳಿದ್ದು ಎಲ್ರೂ ಬಿಟ್ಟೀರಿ. ಇಫ್ ಐ ವರ್ ಯು ಅಂತಾನೇ ಅನ್ನಬೇಕು, ಇಫ್ ಐ ವಾಸ್ ಅನ್ನೋದು ಶುದ್ಧ ತಪ್ಪು. ಮತ್ತ ಅಮೆರಿಕಾದವ್ರು ಇಫ್ ಐ ವುಡ್ ಹ್ಯಾವ್ ನೋನ್ ಅಂತಾರ, ನಾ ಕಿವಿಯಾರೆ ಕೇಳೀನಿ, ಹಂಗಾದ್ರ ಮಾಸ್ತರ್ರ ರ ಮನಿ ತಿತ್ತು ಮನಿ ಎಲ್ಲಿ ಹೋತು?

ಭೀಮಾದಂಡಿ_ಮಾಸ್ತರ

ಫರಸಿ ಅವರೇ, ನಿಮ್ಮ ಹೆಸರಿನಂಗ ನೀವೂ ಗಟ್ಟಿ ಇದ್ದೀರಿ. ಅಮೆರಿಕಾದಾಗ ಮಾತಿನಾಗ ಅಂತಾರ, ಖರೆ. ನಮ್ಮ ಮಂದಿನೂ ಮಾತಿನಾಗ ಏನೇನೋ ಅಂತಾರ, ಅರ್ಜಿದಾಗ ಹಂಗೇ ಬರಿತೀವೇನು? ಪರೀಕ್ಷಾ, ಇಂಟರ್‌ವ್ಯೂ ಅಂದ್ರ ಇಫ್ ಐ ಹ್ಯಾಡ್ ನೋನ್.

ವರ್ ಮಾತು ಅರ್ಧಾ ಒಪ್ತೀನಿ. ಆಗದ ಮಾತಿಗಿ ಎಲ್ಲಾರಿಗೂ ವರ್ ಹಚ್ಚೋದು ಹಳೇ ಪದ್ಧತಿ, ಐ ವರ್, ಹಿ ವರ್, ಶಿ ವರ್. ಇದು ಖರೆ ಅಲ್ಲ ಅಂತ ಬೋರ್ಡ್ ಹಾಕಿದಂಗ. ಈಗ ಮಾತಿನಾಗ ಐ ವಿಶ್ ಐ ವಾಸ್ ಅಂತ ಅಲ್ಲಿಯವ್ರೇ ಅಂತಾರ, ಶುದ್ಧ ತಪ್ಪು ಅಂತ ಬಡಿಗಿ ತಗೊಳ್ಳೋ ಕಾರಣ ಇಲ್ಲ. ಆದ್ರ ಇಫ್ ಐ ವರ್ ಯು ಮಾತ್ರ ಹಂಗೇ ಕಲ್ತುಬಿಡವ್ವ ತಂಗಿ, ಅದು ಅಚ್ಚು ಹಾಕಿದ ಮಾತು, ನಿನ್ನ ಜಾಗಾದಾಗ ನಾ ಇದ್ದಿದ್ರ ಅಂತ.

ಆಳಂದರೋಡ್_ಸಿಸ್ಟರ್

ಯಪ್ಪಾ ಇಷ್ಟೆಲ್ಲಾ ಬರದೀರಿ, ಎಲ್ಲರಿಗೂ ಕೈ ಮುಗೀತೀನಿ. ಎರಡು ಸಲ ಓದ್ದೆ, ನೈಟ್ ಡ್ಯೂಟಿದಾಗ ಡೈರಿದಾಗ ಬರಕೊಂಡೆ. ರ ಮನಿ ತಿತ್ತು ಮನಿ ಬರೋಬರ್ ತಲ್ಯಾಗ ಕೂತದ. ನಾನೇ ಒಂದಿಷ್ಟು ಮಾಡೀನಿ, ಮಾಸ್ತರ್ರೇ ಕೆಂಪು ಪೆನ್ ಹಿಡಿರಿ:

ಐ ವಿಶ್ ಐ ಸ್ಪೋಕ್ ಇಂಗ್ಲಿಷ್ ವೆಲ್.
ಐ ವಿಶ್ ಐ ಹ್ಯಾಡ್ ಟುಕ್ ಇಂಗ್ಲಿಷ್ ಸೀರಿಯಸ್ಲಿ ಇನ್ ಸ್ಕೂಲ್.
ಇಫ್ ಐ ಹ್ಯಾಡ್ ಸ್ಟಡೀಡ್ ಇನ್ ಇಂಗ್ಲಿಷ್ ಮೀಡಿಯಂ, ಐ ವುಡ್ ಹ್ಯಾವ್ ಬೀನ್ ಇನ್ ದುಬೈ ನೌ.
ಐ ವಿಶ್ ಐ ವುಡ್ ಸ್ಲೀಪ್ ಏಟ್ ಅವರ್ಸ್.
ಐ ವಿಶ್ ಇಟ್ ವುಡ್ ರೇನ್.

ಕಡೀದು ಇವತ್ತಿನ ಬಿಸಿಲಿಗಿ. ಮತ್ತ ಒಂದು ಹೊಸಾ ತೊಂದ್ರಿ, ಯೂಟ್ಯೂಬ್‌ನಾಗ ಕೇಳಿದ್ರ ಅವ್ರು ಹ್ಯಾಡ್ ಅನ್ನಂಗಿಲ್ಲ ವುಡ್ ಅನ್ನಂಗಿಲ್ಲ, ಬರೇ ಐಡ್ ಐಡ್ ಅಂತಾರ. ಅದು ಯಾವುದು ಅಂತ ತಿಳ್ಯೋದು ಹೆಂಗ?

ಭೀಮಾದಂಡಿ_ಮಾಸ್ತರ

ಒಂದನೇದು, ಐದನೇದು ಮುತ್ತು. ಎರಡನೇದು ಶಹಾಪುರದ ಹುಡುಗ ಹೇಳೇ ಹೇಳಿದ್ದ, ಹ್ಯಾಡ್ ಟೇಕನ್. ಡೈರಿದಾಗ ಬರಕೊಂಡು ಮ್ಯಾಲ ಅದೇ ಕಡಿ ಬಿದ್ದೀ.

ಮೂರನೇದು ಚಂದ ತಪ್ಪು, ಇಂಥಾ ತಪ್ಪು ಮಾಡಿದವ್ರ ಮ್ಯಾಲ ನನಗ ಪ್ರೀತಿ. ಓದಿದ್ದು ಹಿಂದ, ದುಬೈ ಈಗ. ರ ಮನಿ ಹಿಂದಿನ ಕಾಲಕ್ಕ, ತಿತ್ತು ಮನಿ ಈಗಿನ ಕಾಲಕ್ಕ. ಅದಕ್ಕ ಇಫ್ ಐ ಹ್ಯಾಡ್ ಸ್ಟಡೀಡ್, ಐ ವುಡ್ ಬಿ ಇನ್ ದುಬೈ ನೌ. ಮುಂದ ನೌ ಬಂದ್ರ ಹ್ಯಾವ್ ಬೀನ್ ಬ್ಯಾಡ. ಎರಡು ಮನಿ ಎರಡು ಕಾಲದಾಗ ಇರಬಹುದು, ಯಾರೂ ಕೇಳಂಗಿಲ್ಲ.

ನಾಕನೇದು. ತನ್ನ ಬಗ್ಗೆ ತಾನೇ ಐ ವಿಶ್ ಐ ವುಡ್ ಅನ್ನಂಗಿಲ್ಲವ್ವ. ವಿಶ್ ಮುಂದಿನ ವುಡ್ ಅಂದ್ರ ಎದುರಿಗಿನವ್ರು ಕೇಳವಲ್ರು ಅನ್ನೋ ಸಿಟ್ಟು, ಬೇಸರ. ಐ ವಿಶ್ ಹಿ ವುಡ್ ಸ್ಟಾಪ್ ಸ್ಮೋಕಿಂಗ್. ಐ ವಿಶ್ ದ ಕರೆಂಟ್ ವುಡ್ ಕಮ್ ಅಂತ ಬಾಯಿಗಿ ಬರ್ತದ, ಇಂಗ್ಲಿಷ್‌ನಾಗ ಅದು ಪವರ್ ಆಗಬೇಕು. ಮಳಿ, ಕರೆಂಟು, ಗಂಡ, ಇವು ನಮ್ಮ ಮಾತು ಕೇಳಂಗಿಲ್ಲ, ಇವಕ್ಕ ವುಡ್. ನಿನಗ ನೀನೇ ಅನ್ನೋದಿದ್ರ ಕುಡ್ ಹಾಕು, ಐ ವಿಶ್ ಐ ಕುಡ್ ಸ್ಲೀಪ್ ಏಟ್ ಅವರ್ಸ್.

ಶಹಾಪುರ_ಟು_ಸಿಲ್ಕ್‌ಬೋರ್ಡ್

ಐಡ್ ಪ್ರಶ್ನಿ ನನಗಿರ್ಲಿ. ಐಡ್ ಮುಂದಿನ ಶಬ್ದ ನೋಡ್ರಿ. ಮುಂದ ವಿ3 ಇದ್ರ ಅದು ಹ್ಯಾಡ್, ವಿ1 ಇದ್ರ ವುಡ್. ಐಡ್ ನೋನ್ ಅಂದ್ರ ಐ ಹ್ಯಾಡ್ ನೋನ್. ಐಡ್ ನೋ ಅಂದ್ರ ಐ ವುಡ್ ನೋ. ಇಫ್ ಐಡ್ ನೋನ್, ಐಡ್ ಹ್ಯಾವ್ ಕಮ್. ಮೊದಲ ಐಡ್ ಹ್ಯಾಡ್, ಎರಡನೇದು ವುಡ್. ಐಡ್ ಬೆಟರ್ ಗೋ ಒಂದೇ ಮೋಸ ಮಾಡ್ತದ, ಮುಂದ ಗೋ ಇದ್ರೂ ಅದು ಹ್ಯಾಡ್.

ಆದ್ರ ಕಮ್, ಪುಟ್, ಕಟ್ ಇಂಥವು ವಿ1 ವಿ3 ಒಂದೇ ಇರ್ತಾವಲ್ಲ, ಇಫ್ ಐಡ್ ಕಮ್ ಅಂದ್ರ? ಅಲ್ಲಿ ಮತ್ತ ಮಾಸ್ತರ್ರ ಮನಿ ಲೆಕ್ಕಾನೇ. ಇಫ್ ಇದ್ದ ಕಡಿ ವುಡ್ ಇಲ್ಲ, ಅಂದ ಮ್ಯಾಲ ಅದು ಹ್ಯಾಡ್.

ಸೂಪರ್‌ಮಾರ್ಕೆಟ್_ರಾಜಾ

ಮೊದ್ಲ ಗ್ರಾಮರ್ ಬಿಡ್ರಿ ಅಂದವ ನಾನೇ, ಈಗ ಕೂತು ಎಲ್ಲಾ ಓದಿ ಮುಗಿಸಿದೆ. ಹೈದರಾಬಾದ್ ಪಾರ್ಟಿಗಿ ಇವತ್ತು ಮೆಸೇಜ್ ಹಾಕೀನಿ, ಇಫ್ ಯು ಹ್ಯಾಡ್ ಸೆಂಟ್ ದ ಮಾಲ್ ಆನ್ ಮಂಡೇ, ಐ ವುಡ್ ಹ್ಯಾವ್ ಪೇಡ್ ಆನ್ ಮಂಡೇ ಅಂತ. ಅವ ವಾಪಸ್ ಬರದಾನ, ಭಾಯ್ ಯೇ ಕೌನ್ ಲಿಖಾ?

ಬೀದರ್_ಕಾ_ಛೋಕ್ರಾ

😂😂 ರಾಜಾ ಭಾಯ್, ಪೇ ಪೇಡ್ ಪೇಡ್ ಸರಿ ಹಾಕಿದ್ದಿ. ಪೈಸಾ ಕೊಡೋ ಮಾತು ಬಂದ್ರ ಮಾತ್ರ ನೀ ಹುಷಾರ್.

ಆಳಂದರೋಡ್_ಸಿಸ್ಟರ್

ನಾಕ್ ದಿನ ಆದ ಮ್ಯಾಲ ಬರ್ಲತ್ತೀನಿ. ರಾತ್ರಿ ವಾರ್ಡಿನ್ಯಾಗ ಸುತ್ತು ಹಾಕೋವಾಗ ಬಾಯಾಗ ಬ್ಲೀಡ್ ಬ್ಲೆಡ್ ಬ್ಲೆಡ್ ಅನ್ಕೋತ ಹೊಂಟಿದ್ದೆ, ನಮ್ಮ ಆಯಾ ಕೇಳಿ ಯಾರಿಗಿ ರಕ್ತಾ ಸೋರ್ಲತ್ತದ ಸಿಸ್ಟರ್ ಅಂತ ಹತ್ತಿ ಹಿಡ್ಕೊಂಡು ಓಡಿ ಬಂದ್ಳು. ಈಗ ಆಕಿಗೂ ಫೀಡ್ ಫೆಡ್ ಫೆಡ್ ಬರ್ತದ.

ಇಂಟರ್‌ವ್ಯೂದಾಗ ಮುದುಕನ ಕಥೀನೇ ಮತ್ತ ಹೇಳ್ತೀನಿ, ಬ್ಯಾರೆದು ಹುಡುಕಂಗಿಲ್ಲ. ದ ಪೇಶಂಟ್ ಫೆಲ್ ಔಟ್ ಆಫ್ ಬೆಡ್. ಐ ವಿಶ್ ಐ ಹ್ಯಾಡ್ ಪುಟ್ ದ ಸೈಡ್ ರೇಲ್ ಅಪ್. ಇಫ್ ಐ ಹ್ಯಾಡ್, ಹಿ ವುಡಂಟ್ ಹ್ಯಾವ್ ಫಾಲನ್. ನಿದ್ದ್ಯಾಗ ಎಬ್ಸಿ ಕೇಳಿದ್ರೂ ಹೇಳ್ತೀನಿ.

ಒಂದೇ ಉಳದದ. ಮಲ್ಕೊಳ್ಳೋದಕ್ಕ ಲೈ ಲೇ ಲೇನ್, ಮಲಗಿಸೋದಕ್ಕ ಲೇ ಲೇಡ್ ಲೇಡ್ ಅಂತ ಬುಕ್ಕಿನ್ಯಾಗ ಅದ. ಒಂದರ ವಿ1 ಇನ್ನೊಂದರ ವಿ2. ಅವ ಮಲ್ಕೊಂಡಿದ್ದ ಅನ್ನೋದಕ್ಕ ಹಿ ಲೇ ಅನ್ನಬೇಕೋ ಹಿ ಲೇಡ್ ಅನ್ನಬೇಕೋ, ಮೂರು ದಿನದಿಂದ ಕೂಡ್ವಲ್ದು ಮಾಸ್ತರ್ರೇ.

ಭೀಮಾದಂಡಿ_ಮಾಸ್ತರ

ಹಿ ಲೇ ಸರಿ. ಆದ್ರ ಮೂವತ್ತು ವರ್ಷದಾಗ ಅದು ನನ್ನ ಬಾಯಾಗೂ ನೆಟ್ಟಗ ಕೂತಿಲ್ಲವ್ವ. ಹಿ ವಾಸ್ ಇನ್ ಬೆಡ್ ಅಂದು ಮುಂದಕ್ಕ ನಡಿ.